ಇಂಟರ್‌ಕಾಂ ಮೇಷ್ಟ್ರು

ಆಫೀಸಿನಲ್ಲಿ ಯಾವ ಗುಂಡಿ ಒತ್ತಿದರೆ ಯಾರ ಮೇಜಿನ ಫೋನು ಹೊಡೆದುಕೊಳ್ಳಬೇಕು, ಯಾರಿಗೆ ಹೊರಗಿನ ಲೈನು ಸಿಗಬೇಕು, ಯಾರಿಗೆ ಸಿಗಲೇಬಾರದು ಎಂದು ತೀರ್ಮಾನಿಸುವ ಮನುಷ್ಯನಿಗೆ ಮಧುರೆ ಸುತ್ತಿನ ಗೋದಾಮು, ಗಾರ್ಮೆಂಟ್ಸು, ಪ್ಯಾಕಿಂಗ್ ಘಟಕಗಳಲ್ಲಿ ‘ಇಂಟರ್‌ಕಾಂ ಮೇಷ್ಟ್ರು’ ಎಂದು ಹೆಸರು. ವಿಸಿಟಿಂಗ್ ಕಾರ್ಡಿನಲ್ಲಿ ‘ವಾಯ್ಸ್ ಸೊಲ್ಯೂಷನ್ಸ್’ ಎಂದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ‘ಮೊದಲು ಸೊನ್ನೆ ಒತ್ತಿ, ಆಮೇಲೆ ನಂಬರ್ ಒತ್ತಿ’ ಎಂಬ ಒಂದೇ ಪಾಠವನ್ನು ವರ್ಷಾನುಗಟ್ಟಲೆ ಅದೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತ ಬಂದಿರುವುದರಿಂದ ಈ ಪದವಿ ತಾನಾಗಿ ಬಂದದ್ದು. ವಿದ್ಯಾರ್ಥಿಗಳು ಇನ್ನೂ ಪಾಸಾಗಿಲ್ಲ.

ಮೇಷ್ಟ್ರನ್ನು ಗುರುತಿಸುವುದು ಸುಲಭ. ಬೈಕಿನ ಟ್ಯಾಂಕಿನ ಮೇಲೆ ಉಬ್ಬಿದ ಬ್ಯಾಗು. ಅದರೊಳಗೆ ಕ್ರಿಂಪಿಂಗ್ ಟೂಲು, ಪಂಚಿಂಗ್ ಟೂಲು, ಒಂದು ಹಿಡಿ ಆರ್‌ಜೆ-45 ಕನೆಕ್ಟರು, ಉರುಳೆ ಸುತ್ತಿದ ಜಂಪರ್ ವೈರು. ಸೊಂಟದಲ್ಲಿ ಹಳೇ ಕಾಲದ ಟೆಸ್ಟ್ ಫೋನು. ಈ ಟೆಸ್ಟ್ ಫೋನನ್ನು ಇಂಟರ್ನೆಟ್ ಫೋನಿನ ಕೇಬಲ್ಲಿಗೆ ಸಿಕ್ಕಿಸಿದರೆ ಏನೂ ಕೇಳಿಸುವುದಿಲ್ಲ, ಅದು ಅವರಿಗೂ ಗೊತ್ತು. ಆದರೂ ಸೊಂಟಕ್ಕೆ ಅದು ನೇತುಬಿದ್ದಿಲ್ಲದಿದ್ದರೆ ಗೇಟಿನ ಸೆಕ್ಯುರಿಟಿಯವನು ಒಳಗೆ ಬಿಡುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದೆ. ಆದ್ದರಿಂದ ಅವರು ಒಳಗೆ ಕಾಲಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ ಫೋನಿಗೆ ಸಂಬಂಧಿಸಿದ್ದಲ್ಲ. ‘ಪ್ಲಗ್ ಪಾಯಿಂಟ್ ಎಲ್ಲಿದೆ ಸಾರ್?’

ಈ ಜಾತಿಯ ಮೇಷ್ಟ್ರು ಇಲ್ಲೇ ಹುಲುಸಾಗಿ ಬೆಳೆಯಲು ಭೂಗೋಳವೂ ಕಾರಣ. ಮಧುರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆ ನೆಲಮಂಗಲ, ದಾಬಸ್‌ಪೇಟೆಗಳ ಗೋದಾಮುಗಳು, ಇನ್ನೊಂದು ಕಡೆ ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕು. ನಡುವೆ ಮೇಷ್ಟ್ರ ಬೈಕು. ಹೊರಗಿನವರು ಮಧುರೆಯನ್ನು ಬಲ್ಲದ್ದು ಚಿಕ್ಕಮಧುರೆಯ ಶನಿಮಹಾತ್ಮ ದೇವಸ್ಥಾನದಿಂದ. ಶನಿವಾರ ಬಂದರೆ ಎಳ್ಳುಬತ್ತಿ ಹಚ್ಚುವ ಭಕ್ತರಿಂದ ರಸ್ತೆ ತುಂಬುತ್ತದೆ. ಫೋನ್ ಸಿಸ್ಟಮ್ಮನ್ನು ಬಿಚ್ಚಿ ತಿದ್ದಲು ಆಫೀಸುಗಳು ಸಮಯ ಕೊಡುವುದೂ ಶನಿವಾರ ಮಧ್ಯಾಹ್ನವೇ, ಆಗ ಗಿರಾಕಿಗಳ ಕಾಟ ಕಡಿಮೆ. ಶನಿವಾರ ಕೈಹಾಕಿದ ಕೆಲಸ ಬೇಗ ಮುಗಿಯುವುದಿಲ್ಲ ಎಂದು ಸೆಕ್ಯುರಿಟಿಯವನು ಪ್ರತಿ ಸಲ ಎಚ್ಚರಿಸುತ್ತಾನೆ. ತಾಂತ್ರಿಕವಾಗಿಯೂ ಅವನ ಮಾತು ಸರಿ.

ಮೇಷ್ಟ್ರ ಪೂರ್ವಾಶ್ರಮ ಸಾಮಾನ್ಯವಾಗಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಅಲ್ಲಿ ರಾತ್ರಿ ಅರ್ಧ ಚಾರ್ಜಿಗೆ ಕಾದು ನಿಂತವರ ಸಾಲು ನಿಭಾಯಿಸಿ, ಮೀಟರಿನ ಕೆಂಪು ಅಂಕಿ ನೋಡುತ್ತ ವಿದ್ಯೆ ಕಲಿತವರು. ಮೊಬೈಲು ಬಂದು ಬೂತು ಮುಚ್ಚಿದ ಮೇಲೆ ಆಫೀಸಿನ ಒಳಗಿನ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆಗಳಿಗೆ ಬಂದರು, ಅಲ್ಲಿಂದ ಇಂಟರ್ನೆಟ್ ಫೋನಿಗೆ. ಈ ದಾರಿಯ ಹಿಂದೆ ಒಂದು ದೊಡ್ಡ ವಂಶಾವಳಿಯೇ ಇದೆ. ಕರೆಯನ್ನು ಮನುಷ್ಯರ ಕೈಯಿಂದ ಬಿಡಿಸಿ ಯಂತ್ರಕ್ಕೆ ಕೊಟ್ಟವನು ಅಮೆರಿಕದ ಆಲ್ಮನ್ ಸ್ಟ್ರೌಜರ್. ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವುದು ಅವನ ವೃತ್ತಿ. ಊರಿನ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಕೆ ಪೈಪೋಟಿಗಾರನ ಹೆಂಡತಿ, ತನಗೆ ಬರಬೇಕಾದ ಹೆಣಗಳೆಲ್ಲ ಅವಳ ಗಂಡನ ಪಾಲಾಗುತ್ತಿವೆ ಎಂಬ ಗುಮಾನಿಯಲ್ಲಿ ಅವನು ಸ್ವಯಂಚಾಲಿತ ಎಕ್ಸ್‌ಚೇಂಜು ಕಂಡುಹಿಡಿದ ಎಂಬ ಕಥೆಯಿದೆ. 1891ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಕಾಲ್ ರೂಟಿಂಗ್ ಎಂಬುದರ ಬುಡದಲ್ಲೇ ಹೀಗೆ ಒಂದು ಸಂಶಯ ಕೂತಿದೆ. ಇಂದಿಗೂ ಆಫೀಸಿನಲ್ಲಿ ಮೇಷ್ಟ್ರನ್ನು ಕರೆಸುವುದು ‘ನನಗೆ ಬರಬೇಕಾದ ಕಾಲೆಲ್ಲ ಅವನಿಗೆ ಹೋಗ್ತಿದೆ’ ಎಂಬ ದೂರಿನ ಮೇಲೆಯೇ.

ಕರ್ನಾಟಕಕ್ಕೆ ಈ ವಂಶಾವಳಿಯಲ್ಲಿ ಗೌರವದ ಜಾಗ ಇದೆ. ಬೆಂಗಳೂರಿನ ದೂರವಾಣಿನಗರದ ಫೋನ್ ಉಪಕರಣಗಳ ಐಟಿಐ ಕಾರ್ಖಾನೆ 1948ರದ್ದು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು 1986ರಲ್ಲಿ ಕಿತ್ತೂರಿನಲ್ಲಿ ಚಾಲೂ ಆಯಿತು. 128 ಪೋರ್ಟಿನ ಆ ಪೆಟ್ಟಿಗೆ ಏರ್‌ಕಂಡೀಷನ್ ಇಲ್ಲದೆ, ಧೂಳು ಸೆಕೆ ತಡೆದುಕೊಂಡು ನಡೆಯಬಲ್ಲದು ಎಂಬುದೇ ಅದರ ಹೆಗ್ಗಳಿಕೆ. ಮೇಷ್ಟ್ರೂ ಅದೇ ಗುಣಗಳನ್ನು ಉಳಿಸಿಕೊಂಡಿದ್ದಾರೆ. ಇಂಟರ್ನೆಟ್ ಫೋನುಗಳು ಪರಸ್ಪರ ಕರೆದುಕೊಳ್ಳುವ ‘ಸಿಪ್’ ಎಂಬ ನಿಯಮಾವಳಿ ಈಗಿನ ರೂಪಕ್ಕೆ ಬಂದದ್ದು 2002ರಲ್ಲಿ. ಅದಕ್ಕೂ ಮೊದಲು, 1999ರಲ್ಲಿ, ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ಹುಡುಗ ತನ್ನ ಪುಟ್ಟ ಕಂಪನಿಗೆ ಫೋನ್ ಎಕ್ಸ್‌ಚೇಂಜು ಕೊಳ್ಳಲು ದುಡ್ಡು ಸಾಲದೆ ತಾನೇ ಒಂದನ್ನು ಬರೆದು, ‘ಆಸ್ಟರಿಸ್ಕ್’ ಎಂದು ಹೆಸರಿಟ್ಟು ಎಲ್ಲರಿಗೂ ಪುಕ್ಕಟೆ ಕೊಟ್ಟ. ಸಾಫ್ಟ್‌ವೇರು ಪುಕ್ಕಟೆ ಎಂಬ ಸುದ್ದಿ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ತಲುಪಿದ್ದು ಮಾತ್ರ ಮೇಷ್ಟ್ರ ಬಾಳಿನ ದೊಡ್ಡ ಅನಾಹುತ. ಅಂದಿನಿಂದ ಅವರ ಬಿಲ್ಲನ್ನೂ ಅದೇ ದೃಷ್ಟಿಯಿಂದ ನೋಡಲಾಗುತ್ತಿದೆ.

ಮೇಷ್ಟ್ರು ಬರೆಯುವ ಡಯಲ್ ಪ್ಲಾನ್ ಎಂದರೆ ಒತ್ತಿದ ಅಂಕಿಗಳಿಗೆ ಅರ್ಥ ಹಚ್ಚುವ ನಿಯಮಗಳ ಪಟ್ಟಿ. ಮೂರಂಕಿ ಒತ್ತಿದರೆ ಒಳಗಿನ ಮೇಜು. ಸೊನ್ನೆಯಿಂದ ಶುರುವಾದರೆ ಹೊರಗಿನ ಲೈನು. ಎಲ್ಲ ನಂಬರನ್ನೂ ಒಂದೊಂದಾಗಿ ಬರೆಯಲಾಗದ್ದರಿಂದ ಆಸ್ಟರಿಸ್ಕಿನಲ್ಲಿ ಅಚ್ಚು ಹಾಕುತ್ತಾರೆ. ಎಕ್ಸ್ ಎಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಯಾವುದಾದರೂ ಅಂಕಿ, ಝಡ್ ಎಂದರೆ ಒಂದರಿಂದ ಒಂಬತ್ತು, ಎನ್ ಎಂದರೆ ಎರಡರಿಂದ ಒಂಬತ್ತು, ಚುಕ್ಕಿ ಎಂದರೆ ‘ಇನ್ನು ಮುಂದೆ ಏನು ಬಂದರೂ ಸೈ’. ಈ ಚುಕ್ಕಿ ಮೇಷ್ಟ್ರಿಗೆ ಬಲು ಪ್ರಿಯ. ಕೆಲಸ ಬೇಗ ಮುಗಿಸಬೇಕಾದ ಶನಿವಾರಗಳಲ್ಲಿ ಅವರು ಸೊನ್ನೆ ಬರೆದು ಚುಕ್ಕಿ ಇಟ್ಟು ಹೊರಟುಬಿಡುತ್ತಾರೆ. ಅಲ್ಲಿಗೆ ಪ್ಯಾಕಿಂಗ್ ವಿಭಾಗದ ಹುಡುಗನೂ ಕೆನಡಾಕ್ಕೆ ಫೋನ್ ಮಾಡಬಹುದು, ತಿಂಗಳ ಕೊನೆಗೆ ಬಿಲ್ಲು ಬರುವವರೆಗೆ.

ಒಂದೇ ನಂಬರಿಗೆ ಎರಡು ಅಚ್ಚು ಹೊಂದಿದಾಗ ಹೆಚ್ಚು ನಿರ್ದಿಷ್ಟವಾದದ್ದೇ ಗೆಲ್ಲುತ್ತದೆ, ಬರೆದ ಸಾಲಿನ ಕ್ರಮ ಲೆಕ್ಕಕ್ಕಿಲ್ಲ. ದೇವಸ್ಥಾನದಲ್ಲಿ ವಿಶೇಷ ದರ್ಶನದ ಚೀಟಿ ಹಿಡಿದವನು, ಬೆಳಿಗ್ಗೆಯಿಂದ ಧರ್ಮದರ್ಶನದ ಸಾಲಿನಲ್ಲಿ ನಿಂತವನಿಗಿಂತ ಮುಂದೆ ಹೋಗುವ ಹಾಗೆ. ಮೇಷ್ಟ್ರು ಇದನ್ನು ಎಂ.ಡಿ.ಗೆ ವಿವರಿಸುವುದು ಈ ಮಾತಿನಲ್ಲೇ, ಎಂ.ಡಿ.ಗೆ ತಕ್ಷಣ ಅರ್ಥವಾಗುತ್ತದೆ. ಸಾಲಿನಲ್ಲಿ ನಿಂತು ಅಭ್ಯಾಸವಿರುವ ಗುಮಾಸ್ತರಿಗೆ ಮಾತ್ರ ಇದು ಅನ್ಯಾಯವಾಗಿ ಕಾಣುತ್ತದೆ.

ಪ್ಲಾನಿನ ಮೊದಲ ಹಂತ ಎಕ್ಸ್‌ಟೆನ್ಷನ್ ನಂಬರು ಹಂಚುವುದು. ಇದರಲ್ಲಿ ತಾಂತ್ರಿಕತೆ ಎಳ್ಳಷ್ಟು, ಉಳಿದದ್ದೆಲ್ಲ ರಾಜಕೀಯ. ಎಂ.ಡಿ.ಗೆ ಮೊದಲನೆಯ ನಂಬರು ಬೇಕು. ಅವರ ತಮ್ಮನಿಗೆ ಮೊದಲನೆಯದಲ್ಲದಿದ್ದರೂ ಎರಡನೆಯದಲ್ಲದ ನಂಬರು ಬೇಕು. ಎಚ್‌ಆರ್‌ನವರಿಗೆ ಕೂಡಿಸಿದರೆ ಒಂಬತ್ತು ಬರಬೇಕು, ಎಂಟು ಬರಕೂಡದು. ಎಂಟು ಶನಿಯ ಅಂಕಿ ಎಂದು ಮಧುರೆಯಲ್ಲಿ ನಿಂತು ಹೇಳಿದರೆ ಯಾರೂ ಎದುರಾಡುವುದಿಲ್ಲ. ಹಳೇ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ ನೂರರಿಂದ ಶುರುವಾಗಿದ್ದ ನಂಬರುಗಳನ್ನೇ ಮುಂದುವರಿಸಿ ಎಂಬುದು ಎಲ್ಲರ ಒಕ್ಕೊರಲ ಬೇಡಿಕೆ. ಅಲ್ಲೇ ಇರುವುದು ಗುಂಡಿ. ನೂರು ಎಂದರೆ ಪೊಲೀಸು, 101 ಅಗ್ನಿಶಾಮಕ, 108 ಆಂಬುಲೆನ್ಸು, 112 ದೇಶಕ್ಕೆಲ್ಲ ಒಂದೇ ಆದ ತುರ್ತು ಕರೆ. ಇಂಥ ಆಫೀಸಿನಲ್ಲಿ ಎಂ.ಡಿ. 100, ಅವರ ಪಿ.ಎ. 101, ಅಕೌಂಟೆಂಟ್ 108, ಕ್ಯಾಂಟೀನು 112. ಮೇಲಿನಿಂದ ಬಿದ್ದು ಸೊಂಟ ಉಳುಕಿಸಿಕೊಂಡ ಲೋಡರ್‌ಗಾಗಿ ಸೂಪರ್‌ವೈಸರ್ ಗಾಬರಿಯಲ್ಲಿ 108 ಒತ್ತಿದರೆ ಅಕೌಂಟೆಂಟ್ ಎತ್ತಿಕೊಂಡು, ‘ಅಡ್ವಾನ್ಸ್ ಆದ್ರೆ ಐದನೇ ತಾರೀಖಾದ ಮೇಲೆ ಬನ್ನಿ’ ಎನ್ನುತ್ತಾನೆ. ಬೆಂಕಿ ಬಿದ್ದಿದೆ ಎಂದು 101ಕ್ಕೆ ಮಾಡಿದರೆ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’. 112ಕ್ಕೆ ಮಾಡಿದವನಿಗೆ ಮಾತ್ರ ತಕ್ಷಣ ಸ್ಪಂದನೆ ಸಿಗುತ್ತದೆ: ‘ಎಷ್ಟು ಟೀ?’

ತಿಳಿದ ಮೇಷ್ಟ್ರು ಆದ್ದರಿಂದ ಎಕ್ಸ್‌ಟೆನ್ಷನ್ನುಗಳನ್ನು ಇನ್ನೂರರಿಂದ ಮೇಲಕ್ಕೆ ಒಯ್ಯುತ್ತಾರೆ. ಒಂದರಿಂದ ಶುರುವಾಗುವುದನ್ನೆಲ್ಲ ಸಾರ್ವಜನಿಕ ಸೇವೆಗೆ ಬಿಡುತ್ತಾರೆ, ತುರ್ತು ನಂಬರುಗಳನ್ನು ಸೊನ್ನೆ ಒತ್ತದೆಯೂ ಹೊರಗೆ ಹೋಗುವಂತೆ ಬರೆಯುತ್ತಾರೆ, ಕರೆಂಟಿನವರ 1912 ಸಹ ಆ ಪಟ್ಟಿಯಲ್ಲಿ ಇರುತ್ತದೆ. ಇದು ಸರಿಯಾದ ಕ್ರಮ. ಇದಕ್ಕೆ ಆಫೀಸು ಒಪ್ಪುವುದಿಲ್ಲ. ‘ನೂರು ಇದ್ದವರು ಇನ್ನೂರಾದ್ರೆ ಡಿಮೋಷನ್ ಥರ ಕಾಣಲ್ವೇನ್ರೀ ಮೇಷ್ಟ್ರೇ?’ ಎಂದು ಎಂ.ಡಿ. ಕೇಳುತ್ತಾರೆ. ‘ಡಬಲ್ ಆಗುತ್ತೆ ಸಾರ್’ ಎಂದು ಮೇಷ್ಟ್ರು ಹೇಳುತ್ತಾರೆ. ಒಪ್ಪಿಗೆ ಸಿಗುವುದು ಆಗಲೇ.

ಸೊನ್ನೆಯದು ಪ್ರತ್ಯೇಕ ಪುರಾಣ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊರಗಿನ ಲೈನಿಗೆ ಸೊನ್ನೆ ಒತ್ತುವುದು ನಮ್ಮ ಆಫೀಸುಗಳ ಹಳೇ ರೂಢಿ. ಸಿಸ್ಟಮ್ಮು ಆ ಮೊದಲ ಸೊನ್ನೆಯನ್ನು ಕಿತ್ತುಹಾಕಿ ಉಳಿದದ್ದನ್ನು ಟ್ರಂಕಿಗೆ, ಅಂದರೆ ಫೋನ್ ಕಂಪನಿಯ ಲೈನಿಗೆ, ಕೊಡುತ್ತದೆ. ಎಸ್‌ಟಿಡಿಗೆ ಇನ್ನೊಂದು ಸೊನ್ನೆ, ವಿದೇಶಕ್ಕೆ ಇನ್ನೆರಡು. ಊರು ಬೆಂಗಳೂರು ಗ್ರಾಮಾಂತರವಾದರೂ ದೊಡ್ಡಬಳ್ಳಾಪುರ ಕಡೆಯ ಲ್ಯಾಂಡ್‌ಲೈನು ಬೆಂಗಳೂರಿನ 080ರ ಅಡಿಯಲ್ಲೇ ಬರುತ್ತದೆ. ಆದ್ದರಿಂದ ಲೋಕಲ್ ಕಾಲಿನಲ್ಲೇ ಬೇಕಾದಷ್ಟು ವ್ಯವಹಾರ ನಡೆದುಹೋಗುತ್ತಿತ್ತು. ಎಸ್‌ಟಿಡಿ ದುಬಾರಿಯಾಗಿದ್ದ ಕಾಲದಲ್ಲಿ ಪ್ರತಿಯೊಂದು ಆಫೀಸೂ ಕೆಳಗಿನ ಸಿಬ್ಬಂದಿಯ ಫೋನುಗಳಿಗೆ ಲಾಕ್ ಹಾಕಿಸಿತ್ತು. ಲಾಕ್ ಎಂದರೆ ಇಷ್ಟೇ: ಹೊರಗಿನ ಲೈನು ಸಿಕ್ಕ ಮೇಲೆ ಮತ್ತೊಂದು ಸೊನ್ನೆ ಬಂದರೆ ಕರೆ ಕತ್ತರಿಸು. ಹತ್ತಂಕಿಯ ಮೊಬೈಲ್ ನಂಬರು ಸೊನ್ನೆಯಿಂದ ಶುರುವಾಗದ್ದರಿಂದ ಅದಕ್ಕೆ ತೊಂದರೆ ಇರಲಿಲ್ಲ. ಎಸ್‌ಟಿಡಿ ಅಗ್ಗವಾಯಿತು, ಲಾಕ್ ಹಾಕಿಸಿದವರು ರಿಟೈರಾದರು, ಲಾಕ್ ಉಳಿಯಿತು. ಹೊಸ ಇಂಟರ್ನೆಟ್ ಫೋನು ಬಂದಾಗ ಮೇಷ್ಟ್ರು ಹಳೇ ಪೆಟ್ಟಿಗೆಯ ನಿಯಮಗಳನ್ನೆಲ್ಲ ಭಕ್ತಿಯಿಂದ ನಕಲಿಸಿಕೊಂಡರು.

2021ರ ಜನವರಿ 15ರಂದು ಹೊಸ ನಿಯಮ ಜಾರಿಗೆ ಬಂತು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಬೇಕಾದರೆ ನಂಬರಿಗೆ ಮೊದಲು ಸೊನ್ನೆ ಕಡ್ಡಾಯ. ಮುಂದಿನ ದಿನಗಳಿಗೆ ಬೇಕಾಗುವ ನಂಬರುಗಳಿಗೆ ಜಾಗ ಮಾಡಿಕೊಳ್ಳಲು ಇಡೀ ದೇಶಕ್ಕೆ ಮಾಡಿದ ಏರ್ಪಾಡು ಅದು. ಲಾಕ್ ಇದ್ದ ಆಫೀಸುಗಳಲ್ಲಿ ಆಗಿದ್ದೇನೆಂದರೆ, ಗೋದಾಮಿನ ಗೇಟಿನಿಂದ ಲಾರಿ ಡ್ರೈವರನ ಮೊಬೈಲಿಗೆ ಫೋನ್ ಹೋಗದಾಯಿತು. ಸೊನ್ನೆ ಹಾಕದಿದ್ದರೆ ಫೋನ್ ಕಂಪನಿಯ ರೆಕಾರ್ಡಿಂಗು ‘ಸೊನ್ನೆ ಹಾಕಿ’ ಎನ್ನುತ್ತದೆ, ಹಾಕಿದರೆ ಆಫೀಸಿನ ಸಿಸ್ಟಮ್ಮು ‘ನಿಮಗೆ ಈ ಸೌಲಭ್ಯವಿಲ್ಲ’ ಎನ್ನುತ್ತದೆ. ಗೇಟಿನವನು ಎರಡೂ ದನಿಗಳನ್ನು ಸರದಿಯ ಮೇಲೆ ಕೇಳಿಸಿಕೊಂಡು, ಕೊನೆಗೆ ರಸ್ತೆಗೆ ಹೋಗಿ ಕೈಬೀಸಿ ಲಾರಿಗಳನ್ನು ಒಳಗೆ ಕರೆದುಕೊಂಡ.

ಮೇಷ್ಟ್ರು ಬಂದರು. ಪರಿಹಾರ ಎರಡೇ ನಿಮಿಷದ್ದು. ಮೊಬೈಲ್ ನಂಬರು ಆರರಿಂದ ಒಂಬತ್ತರೊಳಗಿನ ಅಂಕಿಯಿಂದ ಶುರುವಾಗುತ್ತದೆ. ಆದ್ದರಿಂದ ಸೊನ್ನೆ, ಆಮೇಲೆ ಆರರಿಂದ ಒಂಬತ್ತರ ಒಂದು ಅಂಕಿ, ಆಮೇಲೆ ಒಂಬತ್ತು ಎಕ್ಸ್. ಇದಿಷ್ಟನ್ನು ಬಿಡು, ಸೊನ್ನೆಯಿಂದ ಶುರುವಾಗುವ ಉಳಿದದ್ದನ್ನು ತಡೆ. ಬರೆದರು, ಸೇವ್ ಮಾಡಿದರು, ಟೀ ಕುಡಿದರು. ಅವರ ಗಮನಕ್ಕೆ ಬಾರದ ಒಂದು ಸಂಗತಿ ಇತ್ತು. ಕರ್ನಾಟಕದ ಎಸ್‌ಟಿಡಿ ಕೋಡುಗಳೆಲ್ಲ, ಮೊದಲ ಸೊನ್ನೆ ಬಿಟ್ಟರೆ, ಎಂಟರಿಂದ ಶುರುವಾಗುತ್ತವೆ. ಮೈಸೂರು 0821, ಮಂಗಳೂರು 0824, ಬೆಳಗಾವಿ 0831, ಹುಬ್ಬಳ್ಳಿ 0836. ಕೋಡು, ನಂಬರು ಎರಡೂ ಸೇರಿದರೆ ಸರಿಯಾಗಿ ಹತ್ತಂಕಿ. ಮೇಷ್ಟ್ರು ಮೊಬೈಲಿಗೆಂದು ತೆರೆದ ಕಿಂಡಿಯಲ್ಲಿ ಇಡೀ ಕರ್ನಾಟಕ ಸಲೀಸಾಗಿ ತೂರಿಕೊಂಡಿತು. ದೆಹಲಿಯ 011, ಮುಂಬಯಿಯ 022, ಚೆನ್ನೈನ 044ರಂಥವು ಹೊರಗೇ ಉಳಿದವು. ಅರಿವಿಲ್ಲದೆ ಬರೆದ ಈ ಒಂದು ಸಾಲು ಮಧುರೆಯ ಗೋದಾಮಿನಲ್ಲಿ ಸಾಧಿಸಿದ ನಾಡೈಕ್ಯವನ್ನು ಯಾರೂ ಗುರುತಿಸಲಿಲ್ಲ. ಮೈಸೂರಿನ ಲ್ಯಾಂಡ್‌ಲೈನಿಗೆ ಫೋನ್ ಮಾಡುವ ಅಗತ್ಯ ಯಾರಿಗೂ ಬೀಳದ್ದರಿಂದ ಲಾಕ್ ಇನ್ನೂ ಇದೆಯೆಂದೇ ಅಕೌಂಟ್ಸಿನವರು ನಂಬಿದ್ದಾರೆ.

ಹೊರಹೋಗುವ ಕರೆಗಿಂತ ಒಳಬರುವ ಕರೆಯ ದಾರಿ ಹೆಚ್ಚು ಸಿಕ್ಕು. ಅದಕ್ಕೆ ಮೊದಲು ಎದುರಾಗುವುದು ಐವಿಆರ್, ಅಂದರೆ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’. ದನಿ ಕೊಡುವವರು ಎಚ್‌ಆರ್‌ನ ಹೊಸ ಹುಡುಗಿ. ಮೀಟಿಂಗ್ ರೂಮಿನ ಬಾಗಿಲು ಹಾಕಿ, ಫ್ಯಾನು ಆರಿಸಿ, ಮೊಬೈಲು ಬಾಯಿಗೆ ಹಿಡಿಸಿ ಮೇಷ್ಟ್ರು ಕೈ ಎತ್ತುತ್ತಾರೆ. ‘ನಮ್ಮ ಸಂಸ್ಥೆಗೆ ಕರೆ ಮಾಡಿದ್ದಕ್ಕಾಗಿ...’ ಎನ್ನುವಷ್ಟರಲ್ಲಿ ಹೊರಗೆ ಲಾರಿ ರಿವರ್ಸ್ ತೆಗೆದುಕೊಳ್ಳುತ್ತದೆ. ಎರಡನೇ ಸಲ ‘ಧನ್ಯವಾದಗಳು’ ಎಂಬಲ್ಲಿಗೆ ನಗು ಬರುತ್ತದೆ. ಮೂರನೆಯದು ಚೆನ್ನಾಗಿ ಬಂತೆಂದು ಸಿಸ್ಟಮ್ಮಿಗೆ ಏರಿಸಿದರೆ ಬರೀ ಗೊರಗೊರ, ಏಕೆಂದರೆ ಆಸ್ಟರಿಸ್ಕಿಗೆ ಬೇಕಾದದ್ದು 8000 ಹರ್ಟ್ಸಿನ ಮೊನೊ ಫೈಲು, ಮೊಬೈಲು ಕೊಟ್ಟದ್ದು ಬೇರೆ. ಎಲ್ಲ ಸರಿಹೋದ ಮೇಲೆ ನಿಂತ ರೆಕಾರ್ಡಿಂಗಿನ ಹಿನ್ನೆಲೆಯಲ್ಲಿ ದೇವಸ್ಥಾನದ ಕಡೆಗೆ ಹೋಗುವ ಟೆಂಪೋದ ಭಕ್ತಿಗೀತೆ ಮೆಲ್ಲಗೆ ಕೇಳುತ್ತದೆ. ಶನಿವಾರ ರೆಕಾರ್ಡ್ ಆದದ್ದು ಎಂದು ತಿಳಿದವರು ಹೇಳಬಲ್ಲರು. ಆ ಹುಡುಗಿ ಕೆಲಸ ಬಿಟ್ಟು ಮದುವೆಯಾಗಿ ಹೋದ ಮೇಲೂ ಗಿರಾಕಿಗಳನ್ನು ಅವಳೇ ಸ್ವಾಗತಿಸುತ್ತಿರುತ್ತಾಳೆ.

ಐವಿಆರ್ ದಾಟಿದವನು ಯಾವ ಮೇಜಿಗೆ ಹೋಗಬೇಕು? ಸೇಲ್ಸ್ ಎಂದರೆ ಮೂರು ಜನ. ಮೂವರ ಫೋನೂ ಒಟ್ಟಿಗೆ ಹೊಡೆಯಬೇಕೋ, ಒಬ್ಬರಾದ ಮೇಲೊಬ್ಬರದೋ ಎಂದು ಮೇಷ್ಟ್ರು ಕೇಳುತ್ತಾರೆ. ಸೇಲ್ಸ್ ಮ್ಯಾನೇಜರರ ಉತ್ತರ ಎಲ್ಲ ಕಡೆಯೂ ಒಂದೇ: ‘ಆರ್ಡರ್ ಕಾಲ್ ಬಂದ್ರೆ ನಂಗೆ ಬರ್ಲಿ, ಕಂಪ್ಲೇಂಟ್ ಬಂದ್ರೆ ಅವರಿಗೆ ಹೋಗ್ಲಿ.’ ಎತ್ತುವ ಮುಂಚೆ ಅದನ್ನು ಕಂಡುಹಿಡಿಯುವ ನಿಯಮ ಸಿಪ್ಪಿನಲ್ಲಿ ಇಲ್ಲ. ಮೇಷ್ಟ್ರು ಇಲ್ಲ ಎನ್ನುವುದಿಲ್ಲ, ‘ಮಾಡೋಣ ಸಾರ್’ ಎನ್ನುತ್ತಾರೆ. ಮಾಡುವುದೇನೆಂದರೆ ಮ್ಯಾನೇಜರರ ಮೇಜಿಗೆ ಇಪ್ಪತ್ತು ಸೆಕೆಂಡು, ಎತ್ತದಿದ್ದರೆ ಉಳಿದಿಬ್ಬರಿಗೆ ಇಪ್ಪತ್ತು ಸೆಕೆಂಡು, ಅಲ್ಲೂ ಎತ್ತದಿದ್ದರೆ ರಿಸೆಪ್ಷನ್ನು. ರಿಸೆಪ್ಷನ್ನಿನವರು ಊಟಕ್ಕೆ ಹೋಗುವಾಗ ತಮ್ಮ ಫೋನನ್ನು ಸೇಲ್ಸ್‌ಗೆ ಫಾರ್ವರ್ಡ್ ಮಾಡಿರುತ್ತಾರೆ. ಹೀಗೆ ಒಂದು ಕರೆ ಮಧ್ಯಾಹ್ನದ ಹೊತ್ತು ಆಫೀಸಿನೊಳಗೆ ಪ್ರದಕ್ಷಿಣೆ ಹಾಕತೊಡಗುತ್ತದೆ. ಸಿಪ್ ಬರೆದವರು ಇಂಥ ಆಫೀಸುಗಳನ್ನು ಮೊದಲೇ ಊಹಿಸಿ, ಒಂದು ಕರೆ ಎಷ್ಟು ಸಲ ಕೈ ಬದಲಾಯಿಸಬಹುದು ಎಂಬುದಕ್ಕೆ ಮಿತಿ ಇಟ್ಟಿದ್ದಾರೆ, ಸಾಮಾನ್ಯವಾಗಿ 70. ಆದರೆ ಆಫೀಸಿನ ಎಕ್ಸ್‌ಚೇಂಜು ಪ್ರತಿ ಫಾರ್ವರ್ಡನ್ನೂ ಹೊಸ ಕರೆಯೆಂದು ಹುಟ್ಟಿಸಿದರೆ ಆ ಎಣಿಕೆಯೂ ಹೊಸದಾಗಿ ಶುರುವಾಗುತ್ತದೆ. ಗಿರಾಕಿಗೆ ಈ ಹೊತ್ತೆಲ್ಲ ಕೇಳಿಸುವುದು ಎಂ.ಡಿ.ಯವರ ಮಗಳ ಕೀಬೋರ್ಡ್ ಅಭ್ಯಾಸ. ಹೋಲ್ಡ್ ಮ್ಯೂಸಿಕ್ಕಿಗೆ ಅದನ್ನೇ ಹಾಕಬೇಕೆಂಬುದು ಎಂ.ಡಿ.ಯವರ ಏಕೈಕ ತಾಂತ್ರಿಕ ಸೂಚನೆ.

ಮೇಷ್ಟ್ರ ನಿಜವಾದ ವಿದ್ವತ್ತು ಕೆಟ್ಟಾಗ ಬೆಳಗುತ್ತದೆ. ಅತಿ ಹೆಚ್ಚು ಬರುವ ರೋಗ ‘ಒನ್ ವೇ’: ಈ ಕಡೆಯವರ ಮಾತು ಆ ಕಡೆ ಕೇಳುತ್ತದೆ, ಆ ಕಡೆಯದು ಈ ಕಡೆ ಕೇಳುವುದಿಲ್ಲ. ಕರೆ ಹೊಂದಿಸುವ ಸಂದೇಶ ಒಂದು ದಾರಿಯಲ್ಲಿ, ದನಿ ಇನ್ನೊಂದು ದಾರಿಯಲ್ಲಿ ಹೋಗುವುದೇ ಇದಕ್ಕೆ ಮೂಲ. ಫೋನು ತನ್ನ ವಿಳಾಸವೆಂದು 192.168ರಿಂದ ಶುರುವಾಗುವ ಒಳಮನೆಯ ವಿಳಾಸ ಕೊಟ್ಟರೆ, ಹೊರಗಿನವರ ದನಿ ಆ ವಿಳಾಸ ಹುಡುಕುತ್ತ ಎಲ್ಲೋ ಕಳೆದುಹೋಗುತ್ತದೆ. ರೌಟರಿನಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸಹಾಯಕ ಸೌಲಭ್ಯವೊಂದು ತಾನಾಗಿ ಆನ್ ಆಗಿದ್ದು, ಸಹಾಯ ಮಾಡಲು ಹೋಗಿ ಇದ್ದದ್ದನ್ನೂ ಕೆಡಿಸುವುದುಂಟು. ಅದನ್ನು ಆಫ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಆದರೆ ರೌಟರಿನ ಪಾಸ್‌ವರ್ಡು ನೆಟ್‌ವರ್ಕಿನ ಹುಡುಗನ ಕೈಯಲ್ಲಿ. ‘ಫೋನ್ ಪ್ರಾಬ್ಲಂ ಅಣ್ಣಾ’ ಎಂದು ಅವನು, ‘ನೆಟ್‌ವರ್ಕ್ ಪ್ರಾಬ್ಲಂ ಕಣಪ್ಪ’ ಎಂದು ಮೇಷ್ಟ್ರು, ಇಬ್ಬರೂ ಎಂ.ಡಿ. ಎದುರು ಪರಸ್ಪರ ಗೌರವದಿಂದ ವಾದಿಸುತ್ತಾರೆ. ಈ ವಾದಕ್ಕೆ ಒನ್ ವೇ ತೊಂದರೆ ಇಲ್ಲ.

ದನಿ ಕತ್ತರಿಸಿ ಬರುವುದು ಇನ್ನೊಂದು ದೂರು. ಹಳೇ ಗುಣಮಟ್ಟದ ಜಿ.711 ದನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು, ಪ್ಯಾಕೆಟ್ಟಿನ ಹೊದಿಕೆಗಳೆಲ್ಲ ಸೇರಿದರೂ ನೂರು ಮುಟ್ಟುವುದಿಲ್ಲ. ಹತ್ತು ಜನ ಒಟ್ಟಿಗೆ ಮಾತಾಡಿದರೂ ಒಂದು ಮೆಗಾಬಿಟ್‌ನೊಳಗೆ ಮುಗಿಯುವ ವ್ಯವಹಾರ. ಇಷ್ಟಾದರೂ ಕತ್ತರಿಸುತ್ತದೆ, ಏಕೆಂದರೆ ಅದೇ ಲೈನಿನಲ್ಲಿ ಗೋದಾಮಿನ ಸಿಸಿಟಿವಿಗಳು ಸಾಲಾಗಿ ಕೂತು ಖಾಲಿ ಗೋಡೆಗಳ ಚಿತ್ರ ಅಪ್‌ಲೋಡ್ ಮಾಡುತ್ತಿರುತ್ತವೆ. ಕರೆಂಟು ಹೋದಾಗಿನದು ಮೂರನೆಯ ದೂರು. ಹಳೇ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟು ಹರಿದು ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅದು ಹೊಡೆದುಕೊಳ್ಳುತ್ತಿತ್ತು. ಇಂಟರ್ನೆಟ್ ಫೋನಿಗೆ ಆ ಯೋಗವಿಲ್ಲ. ಯುಪಿಎಸ್ ಬೇಕೆಂದು ಮೇಷ್ಟ್ರು ಕೊಟೇಶನ್ನಿನಲ್ಲಿ ಬರೆದೇ ಇರುತ್ತಾರೆ, ಆ ಸಾಲನ್ನು ಹೊಡೆದುಹಾಕಿದ ಮೇಲೆ ತಾನೆ ಕೊಟೇಶನ್ ಪಾಸಾಗುವುದು.

ಭಯಪಡಬೇಕಾದದ್ದು ಮಾತ್ರ ಬೇರೆ ಇದೆ. ಸಿಪ್ಪಿನ ಬಾಗಿಲ ನಂಬರು 5060. ಅದನ್ನು ಹಗಲೂರಾತ್ರಿ ಜಗತ್ತಿನ ಯಾವುದೋ ಮೂಲೆಯ ಪ್ರೋಗ್ರಾಮುಗಳು ತಟ್ಟುತ್ತಿರುತ್ತವೆ. ಎಕ್ಸ್‌ಟೆನ್ಷನ್ 201, ಪಾಸ್‌ವರ್ಡೂ 201 ಎಂದಿಟ್ಟಿದ್ದರೆ ಬಾಗಿಲು ತೆರೆಯಲು ಹೆಚ್ಚು ಹೊತ್ತು ಬೇಡ. ಒಳಗೆ ಬಂದವರು ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ, ಆಫೀಸಿನಲ್ಲಿ ನರಪಿಳ್ಳೆಯೂ ಇಲ್ಲದಾಗ, ನಿಮಿಷಕ್ಕೆ ದುಬಾರಿ ದರದ ವಿದೇಶಿ ನಂಬರುಗಳಿಗೆ ಒಂದೇ ಸಮನೆ ಕರೆ ಮಾಡುತ್ತಾರೆ. ಬಿಲ್ಲು ಆಫೀಸಿಗೆ, ಪಾಲು ಅವರಿಗೆ. ಉದ್ದನೆಯ ಪಾಸ್‌ವರ್ಡು, ತಪ್ಪು ತಟ್ಟಿದವರನ್ನು ಹೊರಗಿಡುವ ಫೈರ್‌ವಾಲು, ವಿದೇಶಿ ಕರೆಗೆ ಪೂರ್ತಿ ಬೀಗ, ಇವು ಮೂರೂ ಬೇಕೇ ಬೇಕು. ಈ ವಿಷಯದಲ್ಲಿ ಮೇಷ್ಟ್ರಿಗೆ ತಮಾಷೆ ಇಲ್ಲ. ಉದ್ದನೆಯ ಪಾಸ್‌ವರ್ಡು ಇಟ್ಟು, ಮರೆಯದಿರಲೆಂದು ಅದನ್ನು ಪೆಟ್ಟಿಗೆಯ ಮೇಲೆಯೇ ಮಾರ್ಕರಿನಲ್ಲಿ ಬರೆದಿಡುತ್ತಾರೆ.

ಕಾನೂನಿನ ಒಂದು ಮಾತೂ ಇಲ್ಲಿ ಸೇರುತ್ತದೆ. ಎರಡು ಊರುಗಳ ಕಚೇರಿಗಳ ನಡುವೆ ಇಂಟರ್ನೆಟ್ಟಿನಲ್ಲಿ ಕರೆ ತಂದು, ಅದನ್ನು ಸಾರ್ವಜನಿಕ ಫೋನ್ ಲೈನಿಗೆ ಸೇರಿಸಿ ಟ್ರಂಕ್ ಚಾರ್ಜು ತಪ್ಪಿಸುವುದನ್ನು ನಮ್ಮ ದೇಶದ ನಿಯಮಗಳು ಬಹುಕಾಲ ಕಟ್ಟುನಿಟ್ಟಾಗಿ ತಡೆದಿದ್ದವು. ಆದ್ದರಿಂದ ಒಂದೇ ಪೆಟ್ಟಿಗೆಯೊಳಗೆ ಇಂಟರ್ನೆಟ್ ಕರೆ, ಸಾರ್ವಜನಿಕ ಲೈನು ಇವೆರಡರ ನಡುವೆ ಗೋಡೆ ಕಟ್ಟುವುದು ಮೇಷ್ಟ್ರ ಕೆಲಸದ ಭಾಗವಾಗಿತ್ತು. ಬಿಪಿಒ, ಕಾಲ್ ಸೆಂಟರುಗಳಿಗಿದ್ದ ಕಟ್ಟಳೆಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರಿನಲ್ಲೂ 2021ರ ಜೂನಿನಲ್ಲೂ ಸಾಕಷ್ಟು ಸಡಿಲಿಸಿತು. ಸಾಮಾನ್ಯ ಆಫೀಸಿನವರು ಏನಾದರೂ ಎಡವಟ್ಟು ಬೇಡಿಕೆ ಇಟ್ಟಾಗ ‘ಟ್ರಾಯ್ ಒಪ್ಪಲ್ಲ ಸಾರ್’ ಎನ್ನುವ ಅಭ್ಯಾಸವನ್ನು ಮೇಷ್ಟ್ರು ಇನ್ನೂ ಸಡಿಲಿಸಿಲ್ಲ.

ಇಷ್ಟೆಲ್ಲ ಕಟ್ಟಿ ನಿಲ್ಲಿಸಿದ ವ್ಯವಸ್ಥೆಯ ಲಿಖಿತ ದಾಖಲೆ ಎಂದರೆ ರಿಸೆಪ್ಷನ್ನಿನಲ್ಲಿ ಲ್ಯಾಮಿನೇಟ್ ಮಾಡಿ ಅಂಟಿಸಿದ ಎಕ್ಸ್‌ಟೆನ್ಷನ್ ಪಟ್ಟಿ. ಅದರಲ್ಲಿ ಅರ್ಧ ಜನ ಕೆಲಸ ಬಿಟ್ಟಿದ್ದಾರೆ, ಬಂದವರ ಹೆಸರು ಪೆನ್ನಿನಲ್ಲಿ ಸೇರಿದೆ. ಸಿಸ್ಟಮ್ಮಿನೊಳಗಿನ ನಿಯಮಗಳು ಯಾಕಿವೆ ಎಂಬುದು ಮೇಷ್ಟ್ರ ತಲೆಯಲ್ಲಿ ಮಾತ್ರ ಇದೆ. ಇದು ಅವರ ದೋಷವೆಂದು ಹೇಳಬೇಕಾಗುತ್ತದೆ. ಇದೇ ಅವರ ವಾರ್ಷಿಕ ನಿರ್ವಹಣಾ ಕರಾರಿನ ಭದ್ರತೆ ಎಂಬುದನ್ನೂ ಮರೆಯಬಾರದು. ಒಮ್ಮೆ ಹೊಸಬನೊಬ್ಬನನ್ನು ಕರೆಸಿದ ಆಫೀಸಿನಲ್ಲಿ, ಯಾವ ಕರೆಗೂ ಹೊಂದದಂತಿದ್ದ ಒಂದು ವಿಚಿತ್ರ ಸಾಲು ಕಂಡು ಅವನು ಅಳಿಸಿಹಾಕಿದ. ಕ್ಯಾಂಟೀನಿನ ಟೀ ನಿಂತುಹೋಯಿತು. ಎರಡನೇ ದಿನ ಹಳೇ ಮೇಷ್ಟ್ರನ್ನೇ ಕಾರು ಕಳಿಸಿ ಕರೆಸಿಕೊಂಡರು.

ಈಗ ಪೆಟ್ಟಿಗೆಯೇ ಬೇಡ, ಎಲ್ಲ ಕ್ಲೌಡಿನಲ್ಲಿ ಎಂಬ ಮಾತು ಮಧುರೆಗೂ ಬಂದಿದೆ. ಬೆಂಗಳೂರಿನಲ್ಲೇ ಹುಟ್ಟಿದ ಎಕ್ಸೋಟೆಲ್‌ನಂಥ ಕಂಪನಿಗಳು ಇದನ್ನು 2011ರ ಸುಮಾರಿನಿಂದ ಮಾಡುತ್ತಿವೆ. ನಿಯಮಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿದರೆ ಸಾಕು, ವೈರಿಲ್ಲ, ಏಣಿಯಿಲ್ಲ. ಮೇಷ್ಟ್ರು ಇದರಿಂದ ಎದೆಗುಂದಿಲ್ಲ. ಮ್ಯಾನೇಜರರ ಮೇಜು ಮೊದಲೋ ರಿಸೆಪ್ಷನ್ನು ಮೊದಲೋ ಎಂಬುದನ್ನು ಕ್ಲೌಡು ತೀರ್ಮಾನಿಸಿ ಕೊಡುವುದಿಲ್ಲ, ತೀರ್ಮಾನಿಸಿದವರ ಮೇಲೆ ಬರುವ ಬೈಗಳನ್ನೂ ಅದು ಹೊತ್ತುಕೊಳ್ಳುವುದಿಲ್ಲ. ಅವರನ್ನು ಚಿಂತೆಗೀಡುಮಾಡಿರುವುದು ಬೇರೆಯೇ. ಪಕ್ಕದ ಮೇಜಿನವರನ್ನು ಕರೆಯಲೂ ಸಿಬ್ಬಂದಿ ಈಗ ಮೊಬೈಲು ತೆಗೆದು ವಾಟ್ಸಾಪ್ ಕಾಲ್ ಮಾಡುತ್ತಾರೆ. ಮೇಜಿನ ಇಂಟರ್ನೆಟ್ ಫೋನಿನ ಪರದೆಯಲ್ಲಿ ಗಂಟೆ ಮಾತ್ರ ಸರಿಯಾಗಿ ಕಾಣುತ್ತದೆ, ಅದನ್ನು ನೋಡಲು ಎಲ್ಲರೂ ಬಳಸುತ್ತಾರೆ.

ಮೇಷ್ಟ್ರು ಬೇಕಾದವರು ರಿಸೆಪ್ಷನ್ನಿನಲ್ಲಿ ಅವರ ಮೊಬೈಲ್ ನಂಬರು ಕೇಳಿ ಪಡೆಯಬೇಕು. ಸಿಸ್ಟಮ್ಮಿನ ಡೈರೆಕ್ಟರಿಯಲ್ಲಿ ಅವರ ಹೆಸರಿಲ್ಲ. ಲ್ಯಾಂಡ್‌ಲೈನಿನಿಂದ ಮಾಡುವುದಾದರೆ ಎರಡು ಸೊನ್ನೆ.